ಗೇಣು ಹಾಕಿ ಮಾರ್ಕ್ಸ್ ಕೊಡುವ ಕಂಪ್ಯೂಟರ್

ಈ ಸಲ ನಾವು ಜೀವಶಾಸ್ತ್ರದ ಅಂಗಳ ಬಿಟ್ಟು ಸ್ವಲ್ಪ ಆಚೆ ಹೋಗ್ತಿದ್ದೀವಿ. "ಮಗಳು ಜರ್ನಲಿಸಂ ಓದ್ತೀನಿ ಅಂತಾಳೆ, ಕಂಪ್ಯೂಟರೇ ಸುದ್ದಿ ಬರೆಯೋ ಕಾಲದಲ್ಲಿ ಅದು ಬೇಕಾ?", "ಟೀಚಿಂಗ್ ಆದ್ರೂ ಉಳಿಯುತ್ತಾ?" ಅಂತ ಕೇಳುಗರು ಕೇಳ್ತಾನೇ ಇರ್ತಾರೆ. ಭವಿಷ್ಯ ಹೇಳೋದು ನಮ್ಮ ಕೆಲಸ ಅಲ್ಲ. ಆದರೆ ಈ ಎರಡೂ ವೃತ್ತಿಗಳೊಳಗೆ ಕಂಪ್ಯೂಟರ್ ಕಾಲಿಟ್ಟು ಹತ್ತಿರ ಹತ್ತಿರ 60 ವರ್ಷ ಆಗಿದೆ. ಅಲ್ಲಿ ಏನಾಯ್ತು ಅಂತ ನೋಡಬಹುದು.

ಮೊದಲು ಮೇಷ್ಟ್ರ ಕಥೆ. ಎಲಿಸ್ ಪೇಜ್ ಅಂತ ಒಬ್ಬರು ಅಮೆರಿಕದಲ್ಲಿ ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರಾಗಿದ್ದವರು, ಆಮೇಲೆ ಸಂಶೋಧಕರಾದವರು. ಪ್ರಬಂಧಗಳ ಬಂಡಲ್ ತಿದ್ದಿ ತಿದ್ದಿ ಸಾಕಾಗಿತ್ತೋ ಏನೋ, 1966ರಲ್ಲಿ ಆ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಬಹುದು ಅಂತ ಬರೆದರು. ಆಗಿನ ಯಂತ್ರಕ್ಕೆ ಪ್ರಬಂಧದ ಅರ್ಥ ಎಲ್ಲಿಂದ ತಿಳಿಯಬೇಕು? ಹಾಗಾಗಿ ಅದು ಎಣಿಸಲು ಆಗುವಂಥದ್ದನ್ನು ಎಣಿಸಿತು: ಪ್ರಬಂಧ ಎಷ್ಟು ಉದ್ದ, ಅಲ್ಪವಿರಾಮ ಎಷ್ಟು, ಪದಗಳ ಸರಾಸರಿ ಉದ್ದ ಎಷ್ಟು. ಅಷ್ಟರಿಂದಲೇ ಬಂದ ಅಂಕಗಳು ಮನುಷ್ಯರು ಕೊಟ್ಟ ಅಂಕಗಳಿಗೆ ಸಾಕಷ್ಟು ಹೊಂದಿಕೊಂಡವು!

ಊರಲ್ಲಿ ಎಸ್ಸೆಸ್ಸೆಲ್ಸಿ ಬರೆದವರಿಗೆ ಇದು ಹೊಸದಲ್ಲ ಬಿಡಿ. "ಉತ್ತರಕ್ಕೆ ಗೇಣು ಹಾಕಿ ಮಾರ್ಕ್ಸ್ ಕೊಡ್ತಾರೆ" ಅಂತ ಅಡಿಷನಲ್ ಶೀಟ್ ಮೇಲೆ ಅಡಿಷನಲ್ ಶೀಟ್ ತಗೊಂಡವರೇ ನಾವೆಲ್ಲ.

ನಮ್ಮ ಲ್ಯಾಬಿನಲ್ಲೂ ಹೀಗೆ ಗೇಣು ಹಾಕ್ತೀವಿ. ಬ್ಯಾಕ್ಟೀರಿಯಾ ಬೆಳೆಸುವಾಗ ಒಂದೊಂದನ್ನೇ ಎಣಿಸಿಕೊಂಡು ಕೂರಲು ಆಗಲ್ಲ. ಫ್ಲಾಸ್ಕಿನ ದ್ರವದ ಮೂಲಕ ಬೆಳಕು ಹಾಯಿಸಿ, ಅದು ಎಷ್ಟು ಮಬ್ಬಾಗಿದೆ ಅಂತ ಅಳೆಯುತ್ತೇವೆ. ಮಬ್ಬು ಹೆಚ್ಚಿದ್ದರೆ ಕೋಶಗಳು ಹೆಚ್ಚು ಅಂತ ಲೆಕ್ಕ. ಸಾಮಾನ್ಯವಾಗಿ ಈ ಲೆಕ್ಕ ಸರಿಯಾಗೇ ಇರುತ್ತೆ. ಆದರೆ ಸತ್ತ ಕೋಶವೂ ಬೆಳಕನ್ನು ಚದುರಿಸುತ್ತೆ. ಆ್ಯಂಟಿಬಯೋಟಿಕ್ ಹಾಕಿದ ಫ್ಲಾಸ್ಕ್ ಮಬ್ಬಾಗೇ ಇರಬಹುದು, ಒಳಗೆ ಬದುಕಿರುವವು ಬೆರಳೆಣಿಕೆಯಷ್ಟೇ ಇರಬಹುದು. ಒಂದು ಹನಿಯನ್ನು ಪ್ಲೇಟಿಗೆ ಹಚ್ಚಿ, ಮರುದಿನ ಎಷ್ಟು ಕಾಲನಿ ಬೆಳೆದಿವೆ ಅಂತ ನೋಡಿದಾಗಲೇ ನಿಜ ಗೊತ್ತಾಗೋದು. ಅಂದ್ರೆ ನಾವು ಅಳೆದದ್ದು ಜೀವವನ್ನಲ್ಲ, ಜೀವದ ಗುರುತನ್ನು.

ಪೇಜ್ ಅವರ ಯಂತ್ರ ಅಳೆದದ್ದೂ ಬರವಣಿಗೆಯ ಗುರುತನ್ನು. ಈ ವಿಷಯ ನಮಗೆ ದೂರದ್ದೂ ಅಲ್ಲ. ಉನ್ನತ ಓದಿಗಾಗಿ ಅಮೆರಿಕಕ್ಕೆ ಬಂದ ಎಷ್ಟೋ ಕನ್ನಡಿಗರು ಜಿಆರ್‌ಇ ಪ್ರಬಂಧ ಬರೆದವರು. ಆ ಪ್ರಬಂಧಗಳನ್ನು ಒಬ್ಬ ಮನುಷ್ಯನ ಜೊತೆಗೆ ಇ-ರೇಟರ್ ಎಂಬ ತಂತ್ರಾಂಶವೂ ನೋಡುತ್ತಾ ಬಂದಿದೆ. ಇಬ್ಬರಿಗೂ ತಾಳೆಯಾಗದಿದ್ದರೆ ಇನ್ನೊಬ್ಬ ಮನುಷ್ಯನ ಕೈಗೆ ಹೋಗುತ್ತೆ. ಎಂಐಟಿಯಲ್ಲಿ ಬರವಣಿಗೆ ಕಲಿಸುತ್ತಿದ್ದ ಲೆಸ್ ಪೆರೆಲ್‌ಮನ್ 2014ರಲ್ಲಿ ವಿದ್ಯಾರ್ಥಿಗಳ ಜೊತೆ ಸೇರಿ ಬೇಬಲ್ ಅನ್ನುವ ಪ್ರೋಗ್ರಾಂ ಮಾಡಿದರು. ಒಂದೆರಡು ಪದ ಕೊಟ್ಟರೆ ಸಾಕು, ತಲೆಬುಡ ಇಲ್ಲದ, ಆದರೆ ಭಾರೀ ಪದಗಳಿಂದ ತುಂಬಿದ ಪ್ರಬಂಧ ಹೊರಬರುತ್ತೆ. ಅಂಕ ಕೊಡುವ ಯಂತ್ರಗಳಿಂದ ಅದಕ್ಕೆ ಒಳ್ಳೇ ಮಾರ್ಕ್ಸ್! ಆಸ್ಟ್ರೇಲಿಯಾದಲ್ಲಿ ಶಾಲಾ ಮಕ್ಕಳ ನ್ಯಾಪ್ಲಾನ್ ಪರೀಕ್ಷೆಯ ಬರವಣಿಗೆಯನ್ನು ಯಂತ್ರವೇ ತಿದ್ದಲಿ ಅನ್ನೋ ಯೋಚನೆ ಇತ್ತು. ಶಿಕ್ಷಕರ ವಿರೋಧದ ನಡುವೆ 2018ರ ಹೊತ್ತಿಗೆ ಅದನ್ನು ಕೈಬಿಟ್ಟರು.

ಇನ್ನು ಪತ್ರಿಕೆಯವರ ಕಡೆ ಬರೋಣ. ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ಕ್ವೇಕ್‌ಬಾಟ್ ಭೂಕಂಪದ ಸುದ್ದಿ ಬರೆಯುವ ಪ್ರೋಗ್ರಾಂ. ಅಮೆರಿಕದ ಭೂವಿಜ್ಞಾನ ಇಲಾಖೆಯಿಂದ ಮಾಹಿತಿ ಬಂದ ಕೂಡಲೇ ಕರಡು ತಯಾರು. 2014ರ ಮಾರ್ಚ್ 17ರ ಬೆಳಗ್ಗೆ ಭೂಮಿ ನಡುಗಿದಾಗ, ಅದನ್ನು ರೂಪಿಸಿದ ಪತ್ರಕರ್ತ ಎದ್ದು ಕಂಪ್ಯೂಟರ್ ನೋಡುವಷ್ಟರಲ್ಲಿ ಸುದ್ದಿ ಸಿದ್ಧವಾಗಿತ್ತು. ಮೂರು ನಿಮಿಷದೊಳಗೆ ಪ್ರಕಟಣೆ.

ಅದೇ ಕ್ವೇಕ್‌ಬಾಟ್ 2017ರ ಜೂನ್‌ನಲ್ಲಿ ಸಾಂತಾ ಬಾರ್ಬರಾ ಹತ್ತಿರ 6.8 ತೀವ್ರತೆಯ ಭೂಕಂಪ ಅಂತ ಸುದ್ದಿ ಕೊಟ್ಟಿತು. ಅಲ್ಲಿ ಒಂದು ಲೋಟ ಕೂಡ ಅಲುಗಿರಲಿಲ್ಲ! ಆ ಭೂಕಂಪ ಆಗಿದ್ದು 1925ರಲ್ಲಿ. ಹಳೇ ದಾಖಲೆಯನ್ನು ಯಾರೋ ಸರಿಪಡಿಸುವಾಗ, ವರ್ಷ 2025 ಅಂತ ತಪ್ಪಾಗಿ ಎಚ್ಚರಿಕೆ ಹೊರಟಿತ್ತು. ಪತ್ರಿಕೆ ಆ ಟ್ವೀಟನ್ನು ಅಳಿಸಿತು. ಮೂಲ ತಪ್ಪು ಬಾಟ್‌ದಲ್ಲ, ನಿಜ. ಆದರೆ 6.8 ಅಂದರೆ ಸಣ್ಣದಲ್ಲ. ಮನುಷ್ಯ ವರದಿಗಾರನಾಗಿದ್ದರೆ ಅಲ್ಲಿ ಯಾರಿಗಾದರೂ ಒಂದು ಫೋನ್ ಮಾಡ್ತಿದ್ದ. ತಾರೀಖು ಇನ್ನೂ ಬಂದಿಲ್ಲವಲ್ಲ ಅಂತಲಾದ್ರೂ ನಗ್ತಿದ್ದ.

ಹಾಗಂತ ಕಂಪ್ಯೂಟರ್ ಪತ್ರಕರ್ತರ ಶತ್ರು ಅನ್ನೋ ವಾದ ನಮಗೆ ಒಪ್ಪಿಗೆ ಇಲ್ಲ. 1967ರ ಜುಲೈನಲ್ಲಿ ಡೆಟ್ರಾಯ್ಟ್‌ನಲ್ಲಿ ದೊಡ್ಡ ಗಲಭೆ ನಡೆಯಿತು. ಓದಿಲ್ಲದವರು, ದಕ್ಷಿಣದಿಂದ ವಲಸೆ ಬಂದು ಊರಿಗೆ ಹೊಂದಿಕೊಳ್ಳದವರು ಮಾಡಿದ್ದು ಅಂತ ಎಲ್ಲರೂ ಮಾತಾಡಿಕೊಂಡರು. ಫಿಲಿಪ್ ಮೇಯರ್ ಅನ್ನುವ ವರದಿಗಾರ ಸಮೀಕ್ಷೆ ಮಾಡಿಸಿ, 400ಕ್ಕೂ ಹೆಚ್ಚು ಕಪ್ಪು ನಿವಾಸಿಗಳ ಉತ್ತರಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದರು. ಕಾಲೇಜು ಓದಿದವರೂ ಅಷ್ಟೇ ಪ್ರಮಾಣದಲ್ಲಿ ಭಾಗವಹಿಸಿದ್ದರು; ದಕ್ಷಿಣದಿಂದ ಬಂದವರಿಗಿಂತ ಉತ್ತರದಲ್ಲೇ ಬೆಳೆದವರು ಹೆಚ್ಚಿದ್ದರು. ಎಣಿಸಿದ್ದು ಯಂತ್ರ. ಆದರೆ ಎಲ್ಲರೂ ನಂಬಿದ್ದನ್ನು ಅನುಮಾನಿಸಿದ್ದು, ಏನು ಕೇಳಬೇಕು ಅಂತ ತೀರ್ಮಾನಿಸಿದ್ದು ವರದಿಗಾರ. ಗಲಭೆಯ ಒಟ್ಟಾರೆ ವರದಿಗಾಗಿ ಡೆಟ್ರಾಯ್ಟ್ ಫ್ರೀ ಪ್ರೆಸ್‌ಗೆ 1968ರಲ್ಲಿ ಪುಲಿಟ್ಜರ್ ಬಂತು.

ನಮಗೆ ಚಿಂತೆ ಇರೋದು ಬೇರೆ ಕಡೆ. ಅಸೋಸಿಯೇಟೆಡ್ ಪ್ರೆಸ್ 2014ರಲ್ಲಿ ಕಂಪನಿಗಳ ಲಾಭ-ನಷ್ಟದ ವರದಿಗಳನ್ನು ಯಂತ್ರಕ್ಕೆ ವಹಿಸಿತು. ಮೂರು ತಿಂಗಳಿಗೆ ಸುಮಾರು 300 ಇದ್ದದ್ದು 3,000 ದಾಟಿತು. ಕೆಲಸ ಕಳೆಯಲು ಅಲ್ಲ, ಸಮಯ ಉಳಿಸಲು ಅಂದಿತು ಸಂಸ್ಥೆ. ಅದು ಸರಿಯೇ ಇರಬಹುದು. ಆದರೆ ಇಂಥ ಬೇಸರದ ಕೆಲಸದಲ್ಲೇ ಹೊಸಬರ ಕಣ್ಣು ಪಳಗೋದು. ನೂರು ಲಾಭ-ನಷ್ಟದ ಪಟ್ಟಿ ಓದಿದವರಿಗೆ ನೂರಾ ಒಂದನೆಯದರಲ್ಲಿ ಏನೋ ಎಡವಟ್ಟಿದೆ ಅಂತ ಮೂಗಿಗೆ ಬಡಿಯುತ್ತೆ. ಬಂಡಲ್ ಬಂಡಲ್ ನೋಟ್‌ಬುಕ್ ತಿದ್ದಿದ ಟೀಚರ್‌ಗೆ, ಹುಡುಗ ಲೆಕ್ಕ ತಪ್ಪಿದ್ದು ಯಾವ ಮೆಟ್ಟಿಲಲ್ಲಿ ಅಂತ ಕಾಣಿಸುತ್ತೆ. ಪ್ಲೇಟಿನ ಮೇಲೆ ಕಾಲನಿ ಎಣಿಸಿ ಬೆನ್ನು ನೋಯಿಸಿಕೊಂಡ ನಮಗೂ ಮಬ್ಬು ಅಳೆಯೋ ಯಂತ್ರವನ್ನು ಯಾವಾಗ ನಂಬಬಾರದು ಅಂತ ಗೊತ್ತಾಗಿದ್ದು ಹಾಗೇ.

ಹಾಗಾಗಿ ಮಗಳು ಜರ್ನಲಿಸಂ ಓದ್ತೀನಿ ಅಂದ್ರೆ ನಾವು ಕೇಳೋದು ಇಷ್ಟೇ: ಮೊದಲ ಎರಡು ವರ್ಷ ಯಾವ ಕೆಲಸ ಮಾಡಿಸ್ತಾರೆ? ಅವಳು ಬರೆದದ್ದನ್ನು ಹಿರಿಯರು ಯಾರಾದ್ರೂ ಕೂತು ತಿದ್ದುತ್ತಾರಾ? ಸೇರೋ ಮುಂಚೆ ಅದನ್ನು ವಿಚಾರಿಸಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಬ್ಯಾಕ್ಟೀರಿಯಾಕ್ಕೆ ವಾಪಸ್.