ಡಿಜೆ ಹುಡುಗನ ಕಣ್ಣು ಎಲ್ಲಿದೆ?

ಗಣಪತಿ ಬಿಡುವ ದಿನ ಸಕಲೇಶಪುರದ ಬಿ.ಎಂ. ರಸ್ತೆಯಲ್ಲಿ ಬಸ್ಸಿನೊಳಗೆ ಸಿಕ್ಕಿಹಾಕಿಕೊಂಡವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಲಾರಿ, ಲಾರಿ ತುಂಬಾ ಆಳೆತ್ತರದ ಸ್ಪೀಕರ್ ಡಬ್ಬ, ಹಿಂದೆ ಹೊಗೆ ಕಕ್ಕುವ ಜನರೇಟರು. ಅಂಗಡಿ ಶಟರು ಗಡಗಡ ಅನ್ನುತ್ತದೆ. ಭರಣಿಯೊಳಗಿನ ಕಡ್ಲೆಮಿಠಾಯಿ ತಾನೇ ಕುಣಿಯುತ್ತದೆ. ಗಿರಾಕಿ ಕೇಳಿದ್ದು ಸಕ್ಕರೆಯೋ ಸೀಗೆಕಾಯಿಯೋ, ಅಂಗಡಿಯವರು ತುಟಿ ನೋಡಿ ತೂಗಬೇಕು.

ಸದ್ದಿನ ಮಾತು ಹೊಸದಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ಮನೆಗಳಿರುವ ಕಡೆ ಹಗಲು 55 ಡೆಸಿಬಲ್, ರಾತ್ರಿ 45 ಅಂತ ಬರೆದಿದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು ಎಂಬುದನ್ನು ಸುಪ್ರೀಂ ಕೋರ್ಟು 2005ರಲ್ಲಿ ಎತ್ತಿಹಿಡಿದಿದೆ. ಅದನ್ನು ಪೊಲೀಸರು ನೋಡಿಕೊಳ್ಳಲಿ, ನೋಡಿಕೊಂಡರೆ. ನನ್ನ ತಕರಾರು ಬೇರೆ. ಐದು ಗಣಪತಿಗೆ ಐದು ಲಾರಿ ಬಂದರೂ ಐದರಲ್ಲೂ ಒಂದೇ ಮಿಕ್ಸು! ಅದೇ ಗುಂಯ್ ಅನ್ನುವ ಏರಿಕೆ, ಅದೇ ಒಂದು ಕ್ಷಣದ ಮೌನ, ಆಮೇಲೆ ಅದೇ ಧಡಾರ್. ಹಾಸನದಲ್ಲೂ ಅದೇ, ಆಲೂರಲ್ಲೂ ಅದೇ, ಬಾಳ್ಳುಪೇಟೆಯಲ್ಲೂ ಅದೇ.

ಬಾಳ್ಳುಪೇಟೆ ಕಡೆಯ ಒಬ್ಬ ಡಿಜೆ ಹುಡುಗ ನನಗೆ ಪರಿಚಯ. ಹೆಸರು ಬರೆದರೆ ಬುಕಿಂಗ್ ಹೋಗುತ್ತೆ ಅಂತ ಕೈಮುಗಿದ. ಲಾರಿ ಬಾಡಿಗೆ, ಡೀಸೆಲ್ಲು, ಸ್ಪೀಕರಿನ ಸಾಲದ ಕಂತು ಎಲ್ಲ ಕಳೆದು ಅವನಿಗೆ ಉಳಿಯುವುದು ಅಷ್ಟಕ್ಕಷ್ಟೆ. ಮಿಕ್ಸು ಅವನದಲ್ಲ, ಮೊಬೈಲಿನಿಂದ ಇಳಿಸಿಕೊಂಡದ್ದು. ಪೆನ್‌ಡ್ರೈವ್ ಚುಚ್ಚಿ, ಕೈಯನ್ನು ಸುಮ್ಮನೆ ಬಟನ್ನಿನ ಮೇಲಾಡಿಸುತ್ತಾನೆ. ಬೇರೇನಾದರೂ ಹಾಕಿದರೆ ಹುಡುಗರು ಲಾರಿ ತಟ್ಟುತ್ತಾರಂತೆ. ಪಾಪ, ಅವನನ್ನು ಬೈದು ಏನು ಪ್ರಯೋಜನ?

ಆದರೆ ಡಿಜೆ ಅಂದರೆ ಮೊದಲಿಗೆ ಇದಾಗಿರಲಿಲ್ಲ, ಸ್ವಾಮಿ. ನ್ಯೂಯಾರ್ಕಿನಲ್ಲಿ 1970ರಲ್ಲಿ ಡೇವಿಡ್ ಮ್ಯಾಂಕೂಸೊ ಎಂಬಾತ ತನ್ನ ಮನೆಯಲ್ಲೇ ಸ್ನೇಹಿತರನ್ನು ಸೇರಿಸಿ ರೆಕಾರ್ಡು ಹಾಕಲು ಶುರುಮಾಡಿದ. ಅಂಥವರ ಕಸುಬಿನ ಗುಟ್ಟು ಕೈಯಲ್ಲಿರಲಿಲ್ಲ, ಕಣ್ಣಿನಲ್ಲಿತ್ತು. ಕುಣಿಯುವವರು ದಣಿದರೇ, ಕಾವೇರಿದರೇ, ಇನ್ನೊಂದು ಸುತ್ತು ತಡೆಯುತ್ತಾರೆಯೇ ಎಂದು ನೋಡಿ ಮುಂದಿನ ತಟ್ಟೆ ಇಡುತ್ತಿದ್ದರು.

ಇದೇ ಕೆಲಸವನ್ನು ನಮ್ಮ ಕಡೆ ವಾಲಗದವರು ಮಾಡುತ್ತಾ ಬಂದಿಲ್ಲವೇ? ಹೆತ್ತೂರು, ಯಸಳೂರು, ಹಾನುಬಾಳು ಸೀಮೆಯ ಮದುವೆಗೆ ಹೋದವರಿಗೆ ಗೊತ್ತು. ವಾಲಗ ಮೊದಲು ಮೆಲ್ಲಗೆ ಹಿಡಿಯುತ್ತದೆ. ದೊಡ್ಡವರು ನಾಚಿಕೊಂಡೇ ಎರಡು ಹೆಜ್ಜೆ ಹಾಕುತ್ತಾರೆ. ಡೋಲಿನವನ ಕಣ್ಣು ಅವರ ಕಾಲಿನ ಮೇಲೆ. ಕಾಲು ಬಿಸಿಯಾಯಿತೋ, ಏಟು ಏರುತ್ತದೆ. ಮುದುಕರೊಬ್ಬರು ಸುಸ್ತಾದರೋ, ಅವರ ಮರ್ಯಾದೆ ಕಾಯುವ ಹಾಗೆ ಇಳಿಯುತ್ತದೆ. ಯಂತ್ರದ ಹೌಸ್ ಸಂಗೀತ ನಿಮಿಷಕ್ಕೆ 120ರಿಂದ 130 ಏಟು ಅಂತ ಹಿಡಿದರೆ ಬಿಡುವುದಿಲ್ಲ. ವಾಲಗದ ಲೆಕ್ಕ ಆ ಊರಿನ, ಆ ಹೊತ್ತಿನ ಕಾಲಿನ ಲೆಕ್ಕ.

ಹಾಗಾದರೆ ಯಂತ್ರವೇ ಕೆಟ್ಟದ್ದು ಅಂತೀರಾ? ನಾನು ಅನ್ನೋಲ್ಲ. ಮುಂಬೈಯ ಸಿನಿಮಾ ವಾದ್ಯವೃಂದದಲ್ಲಿ ನುಡಿಸುತ್ತಿದ್ದ ಚರಣಜಿತ್ ಸಿಂಗ್ ಅವರ ಕತೆ ಕೇಳಿ. 1982ರಲ್ಲಿ ಅವರು ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಮುಂದಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಒಂದು ರೆಕಾರ್ಡು ಮಾಡಿದರು. ಆಗ ಅದನ್ನು ಮೂಸಿ ನೋಡಿದವರೇ ಕಡಿಮೆ. ಅದರಲ್ಲಿದ್ದ ಟಿಬಿ-303 ಯಂತ್ರವೂ ಮಾರುಕಟ್ಟೆಯಲ್ಲಿ ಸೋತು 1984ರ ಹೊತ್ತಿಗೆ ನಿಂತುಹೋಯಿತು. ಷಿಕಾಗೋದ ಬಡ ಹುಡುಗರು ಅದನ್ನೇ ಸೆಕೆಂಡ್ ಹ್ಯಾಂಡ್ ಕೊಂಡು, ಗುಂಡಿಗಳನ್ನು ಮನಸ್ಸಿಗೆ ಬಂದಂತೆ ತಿರುಗಿಸಿ 1987ರಲ್ಲಿ ಆಸಿಡ್ ಹೌಸ್ ಎಂಬ ಹೊಸ ಬಗೆಯನ್ನೇ ಹುಟ್ಟಿಸಿದರು. ಆಮೇಲೆ 2010ರಲ್ಲಿ ಚರಣಜಿತರ ರೆಕಾರ್ಡು ಮತ್ತೆ ಹೊರಬಂದಾಗ ಯುರೋಪಿನವರು ಬೆರಗಾದರು: ಅಲ್ಲಿಯ ಸದ್ದು ಇಲ್ಲಿ ಐದು ವರ್ಷ ಮೊದಲೇ ಕೇಳಿತ್ತಲ್ಲ! ಮುದಿವಯಸ್ಸಿನಲ್ಲಿ ಅವರನ್ನು ಕರೆಸಿ ನುಡಿಸಿದರು. 2015ರಲ್ಲಿ ಅವರು ತೀರಿಕೊಂಡರು. ಕೈಯಲ್ಲಿ ಯಂತ್ರವಿದ್ದರೂ ತಲೆಯಲ್ಲಿ ರಾಗವಿತ್ತು. ಯಾರ ಪೆನ್‌ಡ್ರೈವೂ ಬೇಕಾಗಿರಲಿಲ್ಲ.

ನಮ್ಮ ಗುಡ್ಡದಲ್ಲಿ ಡಿಜೆಗೆ ಇನ್ನೊಂದು ಮಾರುಕಟ್ಟೆ ಹೋಂಸ್ಟೇ. ಶನಿವಾರ ಬೆಂಗಳೂರಿನಿಂದ ಬಂದವರಿಗೆ ಕ್ಯಾಂಪ್‌ಫೈರು, ಕೋಳಿ, ಡಿಜೆ. ಮೂರೂ ಪ್ಯಾಕೇಜಿನಲ್ಲಿ. 2021ರ ಏಪ್ರಿಲ್‌ನಲ್ಲಿ ಆಲೂರು ತಾಲ್ಲೂಕಿನ ಎಸ್ಟೇಟೊಂದರ ಪಾರ್ಟಿಗೆ ಪೊಲೀಸರು ನುಗ್ಗಿ ನೂರಕ್ಕೂ ಹೆಚ್ಚು ಮಂದಿಯನ್ನು ಹಿಡಿದರಲ್ಲ, ಅಂದಿನಿಂದ ಡಿಜೆ ಅಂದರೆ ಮಾದಕದ್ರವ್ಯ ಅಂತಲೇ ನಮ್ಮವರ ತಲೆಯಲ್ಲಿ ಕೂತಿದೆ. ಸಂಗೀತಕ್ಕೆ ಇದರಿಂದ ಆದ ಅವಮಾನ ಕಡಿಮೆಯಲ್ಲ.

ಲೈನು ಮನೆಯವರ ಕಷ್ಟ ಬೇರೆಯೇ. ಆಲೂರು, ಸಕಲೇಶಪುರದ ತೋಟಗಳಲ್ಲಿ ಕತ್ತಲಾದ ಮೇಲೆ ಕಿವಿಯೇ ಕಾವಲು. ಬೈನೆ ಮರ ಮುರಿದ ಸದ್ದು, ನಾಯಿ ಬೊಗಳುವ ರೀತಿ, ಇವುಗಳಿಂದಲೇ ಆನೆ ಎಲ್ಲಿದೆ ಅಂತ ತಿಳಿಯಬೇಕು. 2014ರಲ್ಲಿ ಈ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರೂ ಕಾಟ ತಪ್ಪಿಲ್ಲ. ಪಕ್ಕದ ಗುಡ್ಡದಲ್ಲಿ ಬಾಸ್ ಹೊಡೆಯುತ್ತಿದ್ದರೆ ಬಾಗಿಲಾಚೆ ನಿಂತದ್ದೂ ಕೇಳಿಸದು. ಕುಣಿಯುವವರು ಸೋಮವಾರ ಬೆಂಗಳೂರಿಗೆ ಹೋಗುತ್ತಾರೆ. ಇವರು ಬೆಳಗ್ಗೆ ಏಳಕ್ಕೆ ಅದೇ ತೋಟಕ್ಕೆ ಇಳಿಯಬೇಕು.

ನಮ್ಮ ಡಿಜೆ ಹುಡುಗನ ವಿಷಯಕ್ಕೆ ಬರೋಣ. ಅವನ ಮೊಬೈಲಿನಲ್ಲಿ ಒಂದು ಗುಟ್ಟಿದೆ. ತನ್ನ ಅಜ್ಜಿಯ ಊರಿನ ಸುಗ್ಗಿ ಕುಣಿತಕ್ಕೆ ಹೋದಾಗ ಡೋಲಿನ ಸದ್ದು ಹಿಡಿದುಕೊಂಡು, ಅದರ ಏಟಿಗೆ ತಕ್ಕಂತೆ ಕಂಪ್ಯೂಟರಿನ ಬಾಸನ್ನು ಏರಿಳಿಸಿ, ಎರಡು ತಿಂಗಳು ಕೂತು ಸ್ವಂತ ಮಿಕ್ಸು ಮಾಡಿದ್ದಾನೆ. ನನಗೆ ಕೇಳಿಸಿದ. ಅಲ್ಲಲ್ಲಿ ಒರಟು, ಆದರೆ ಎಲ್ಲಿಂದ ಬಂದದ್ದು ಅಂತ ಕೇಳಿದ ಕೂಡಲೆ ಗೊತ್ತಾಗುತ್ತೆ.

ಕಳೆದ ಬೇಸಿಗೆಯಲ್ಲಿ ಮಗ್ಗೆ ಕಡೆಯ ಒಂದು ಮದುವೆಯಲ್ಲಿ ಧೈರ್ಯ ಮಾಡಿ ಅದನ್ನು ಹಾಕಿದನಂತೆ. ರಾತ್ರಿ ಒಂಬತ್ತೂವರೆ ದಾಟಿತ್ತು. ಕುರ್ಚಿಯಲ್ಲಿದ್ದ ಮೂರು ಜನ ಹಿರಿಯರು ಎದ್ದು ಬಂದು ಹೆಜ್ಜೆ ಹಾಕಿದರು. ಅಡುಗೆಯವರು ಸೌಟು ಹಿಡಿದೇ ಹೊರಗೆ ಬಂದರು. ಎರಡು ನಿಮಿಷವೂ ಆಗಿರಲಿಲ್ಲ, ವರನ ಗೆಳೆಯರು ಸ್ಟೇಜು ತಟ್ಟಲು ಶುರುಮಾಡಿದರು. ಅವನು ಪೆನ್‌ಡ್ರೈವಿಗೆ ತಿರುಗಿಸಿದ. ಹಿರಿಯರು ವಾಪಸು ಹೋಗಿ ಕೂತರು.