ಡ್ಯಾಶ್‌ಬೋರ್ಡಿನ ಚಾರ್ಟ್ ವರ್ಡ್ ಫೈಲಿಗೆ ಬಂದಾಗ

ತಿಂಗಳ ವರದಿ ಬರೆಯುವವರಿಗೆಲ್ಲ ಪರಿಚಯದ ಕೆಲಸ ಇದು: ಎಕ್ಸೆಲ್ ಡ್ಯಾಶ್‌ಬೋರ್ಡಿನಿಂದ ಚಾರ್ಟ್ ಕಾಪಿ ಮಾಡು, ವರ್ಡ್‌ನಲ್ಲಿ ಪೇಸ್ಟ್ ಮಾಡು. ಅಷ್ಟು ಸಣ್ಣ ಕೆಲಸದಲ್ಲಿ ಅಪಾಯವೂ ಇದೆ.

ತಪ್ಪು ಕಲ್ಪನೆ: ವರ್ಡ್‌ಗೆ ಹೋಗುವುದು ಚಾರ್ಟ್ ಮಾತ್ರ.

ಪೇಸ್ಟ್ ಮಾಡುವಾಗ ‘ಎಂಬೆಡ್ ವರ್ಕ್‌ಬುಕ್’ ಆರಿಸಿಕೊಂಡರೆ ಚಾರ್ಟಿನ ಜೊತೆ ಇಡೀ ವರ್ಕ್‌ಬುಕ್ ಹೋಗುತ್ತದೆ. ಬೇರೆ ಶೀಟುಗಳೂ, ಹೈಡ್ ಮಾಡಿಟ್ಟ ಶೀಟುಗಳೂ ಸೇರಿ. ನಂಬಿಕೆ ಬರದಿದ್ದರೆ ಹೀಗೆ ಮಾಡಿ ನೋಡಿ. ಆ ವರ್ಡ್ ಫೈಲಿನ ಒಂದು ಪ್ರತಿ ತೆಗೆದುಕೊಂಡು, ಹೆಸರಿನ ಕೊನೆಯ ‘ಡಾಕ್ಸ್’ ಅಳಿಸಿ ‘ಜಿಪ್’ ಎಂದು ಬದಲಿಸಿ, ತೆರೆಯಿರಿ. ಒಳಗೆ ‘ವರ್ಡ್’ ಫೋಲ್ಡರ್, ಅದರೊಳಗೆ ‘ಎಂಬೆಡಿಂಗ್ಸ್’ ಫೋಲ್ಡರ್, ಅಲ್ಲಿ ನಿಮ್ಮ ಎಕ್ಸೆಲ್ ಫೈಲ್ ಪೂರ್ತಿಯಾಗಿ ಕುಳಿತಿರುತ್ತದೆ. ಒಂದು ಶೀಟಿನಲ್ಲಿ ಸಿಬ್ಬಂದಿಯ ಸಂಬಳ, ಫೋನ್ ನಂಬರ್ ಇದ್ದರೆ ವರದಿ ಪಡೆದವರ ಕೈಗೆಲ್ಲ ಅದೂ ಸೇರಿತು. ಅದನ್ನು ನೋಡಲು ಅವರು ಚಾರ್ಟಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಎಡಿಟ್ ಡೇಟಾ’ ಒತ್ತಿದರೆ ಸಾಕು.

ಸ್ಕ್ರೀನ್‌ಶಾಟ್ ಕ್ರಾಪ್ ಮಾಡಿದೆವು, ಬೇಡದ್ದು ಹೋಯಿತು ಎನ್ನುವುದೂ ಇದೇ ಬಗೆಯ ಭ್ರಮೆ. ವರ್ಡ್‌ನಲ್ಲಿ ಕ್ರಾಪ್ ಮಾಡಿದ ಭಾಗ ಮರೆಯಾಗುತ್ತದೆಯೇ ಹೊರತು ಅಳಿಯುವುದಿಲ್ಲ. ‘ಕಂಪ್ರೆಸ್ ಪಿಕ್ಚರ್ಸ್’ಗೆ ಹೋಗಿ, ಕ್ರಾಪ್ ಆದ ಭಾಗ ಅಳಿಸುವ ಆಯ್ಕೆಗೆ ಟಿಕ್ ಹಾಕಿ, ಫೈಲನ್ನು ಸೇವ್ ಮಾಡಬೇಕು.

ತಪ್ಪು ಕಲ್ಪನೆ: ಲಿಂಕ್ ಕೊಟ್ಟರೆ ಚಾರ್ಟ್ ಸದಾ ತಾಜಾ.

ಲಿಂಕ್ ಎಂದರೆ ಎಕ್ಸೆಲ್ ಫೈಲ್ ಇರುವ ಜಾಗದ ವಿಳಾಸ, ಅಷ್ಟೆ. ನಿಮ್ಮ ಡಿ ಡ್ರೈವ್‌ನಲ್ಲಿರುವ ಫೈಲ್ ಮೇಲಧಿಕಾರಿಯ ಕಂಪ್ಯೂಟರಿಗೆ ಸಿಗುವುದಿಲ್ಲ. ಅವರಿಗೆ ಕಾಣುವುದು ಹಳೆಯ ಚಾರ್ಟೇ. ಗೂಗಲ್ ಡಾಕ್ಸ್‌ನಲ್ಲೂ ಶೀಟ್ಸ್‌ನಿಂದ ತಂದ ಚಾರ್ಟ್ ತಾನಾಗಿ ಬದಲಾಗದು, ಯಾರಾದರೂ ‘ಅಪ್‌ಡೇಟ್’ ಒತ್ತಬೇಕು.

ಲಿಂಕ್ ಸರಿಯಾಗಿ ಕೆಲಸ ಮಾಡಿದರೆ ತೊಂದರೆ ಇನ್ನೂ ದೊಡ್ಡದು. ಚಾರ್ಟಿನ ಕಂಬ ಬದಲಾಗುತ್ತದೆ, ಕೆಳಗೆ ನೀವು ಬರೆದ ‘ಶೇ. 12 ಏರಿಕೆ’ ಎಂಬ ವಾಕ್ಯ ಹಾಗೇ ಉಳಿಯುತ್ತದೆ. ಸಹಿ ಬಿದ್ದ ವರದಿಯಲ್ಲಿ ಚಾರ್ಟ್ ಒಂದು ಹೇಳಿ ಮಾತು ಇನ್ನೊಂದು ಹೇಳಿದರೆ ಓದುವವರು ಯಾವುದನ್ನು ನಂಬಬೇಕು? ಆದ್ದರಿಂದ ಸಲ್ಲಿಸುವ ವರದಿಗೆ ಚಾರ್ಟನ್ನು ಚಿತ್ರವಾಗಿಯೇ ಪೇಸ್ಟ್ ಮಾಡಿ ಎಂಬುದು ನನ್ನ ಖಚಿತ ಸಲಹೆ. ಲಿಂಕ್ ಬೇಕಾದರೆ ಕರಡಿನ ಹಂತದಲ್ಲಿ ಇರಲಿ. ಕಳಿಸುವ ಮುನ್ನ ಫೈಲ್ ಮೆನುವಿನ ‘ಇನ್ಫೋ’ದಲ್ಲಿ ಲಿಂಕ್ ಮುರಿದುಬಿಡಿ.

ಚಿತ್ರ ಹಾಕಿದ ಮೇಲೆ ಕೆಳಗೊಂದು ಸಾಲು ಕಡ್ಡಾಯವಾಗಿ ಬೇಕು: ಯಾವ ದಿನದ ಮಾಹಿತಿ, ಯಾವ ಫಿಲ್ಟರ್ ಹಾಕಿತ್ತು. ಪವರ್ ಬಿಐನಂಥ ಡ್ಯಾಶ್‌ಬೋರ್ಡಿನಲ್ಲಿ ಚಾರ್ಟಿನ ಮೇಲೆ ಮೌಸ್ ಇಟ್ಟರೆ ಸಂಖ್ಯೆ ಮೂಡುತ್ತದೆ, ತಾಲ್ಲೂಕು ಆರಿಸಿದರೆ ಚಾರ್ಟ್ ಬದಲಾಗುತ್ತದೆ. ಕಾಗದದ ಮೇಲೆ ಇದ್ಯಾವುದೂ ಇಲ್ಲ. ಒಂದೇ ತಾಲ್ಲೂಕಿನ ಅಂಕಿಯನ್ನು ಇಡೀ ಜಿಲ್ಲೆಯದೆಂದು ಓದಿಕೊಳ್ಳಲು ಬಿಟ್ಟುಹೋದ ಆ ಒಂದು ಸಾಲೇ ಕಾರಣವಾಗಬಹುದು.

ತಪ್ಪು ಕಲ್ಪನೆ: ನನಗೆ ಕಂಡ ಕನ್ನಡ ಎಲ್ಲರಿಗೂ ಕಾಣುತ್ತದೆ.

ಚಾರ್ಟನ್ನು ಚಿತ್ರವಾಗಿಸದೆ ಕಳಿಸಿದಾಗ, ಅದರ ಹೆಸರುಗಳನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಫಾಂಟ್ ತಾನಾಗಿ ಫೈಲಿನ ಜೊತೆ ಹೋಗುವುದಿಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ತುಂಗಾ ಅಥವಾ ನಿರ್ಮಲಾ ಯುಐ ಫಾಂಟ್ ಕೊಟ್ಟರೆ ಈ ಕಾಟ ತಪ್ಪುತ್ತದೆ.

ಇನ್ನು ಚಿತ್ರ ಮಸುಕಾಗುವ ದೂರು. ವರ್ಡ್ ಸೇವ್ ಮಾಡುವಾಗ ಚಿತ್ರಗಳನ್ನು ಸಾಮಾನ್ಯವಾಗಿ 220 ಪಿಪಿಐಗೆ ಕುಗ್ಗಿಸುತ್ತದೆ. ಆಪ್ಷನ್ಸ್‌ನ ‘ಅಡ್ವಾನ್ಸ್ಡ್’ ಭಾಗದಲ್ಲಿ ಇದನ್ನು ನಿಲ್ಲಿಸಬಹುದು, ಆದರೆ ಚಿತ್ರ ಹಾಕುವ ಮೊದಲೇ ನಿಲ್ಲಿಸಿರಬೇಕು.