ಸಿಮೆಂಟ್ ಶೀಟಿನ ದೂಳು: ಕಾಯಿಲೆ ಬರೋದು 20 ವರ್ಷ ಆದ್ಮೇಲೆ!

ಅಂಗಡಿ, ಕೊಟ್ಟಿಗೆಗಳ ಹಳೇ ಸಿಮೆಂಟ್ ಶೀಟಲ್ಲಿ ಹೆಚ್ಚಾಗಿ ಆಸ್ಬೆಸ್ಟಾಸ್ ನಾರಿರುತ್ತೆ. ಶೀಟು ಸುಮ್ಮನೆ ಇದ್ದರೆ ಅಷ್ಟು ಭಯವಿಲ್ಲ. ಕೊಯ್ದಾಗ, ಒಡೆದಾಗ, ಡ್ರಿಲ್ ಹೊಡೆದಾಗ ಏಳುವ ದೂಳೇ ಅಪಾಯ. ಕಣ್ಣಿಗೆ ಕಾಣದ ನಾರು ಉಸಿರಿನ ಜತೆ ಒಳಹೋದರೆ ಶ್ವಾಸಕೋಶದ ಹೊರಪದರಕ್ಕೆ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್ ಬರಬಹುದು. ಅದೂ 20ರಿಂದ 50 ವರ್ಷ ಕಳೆದ ಮೇಲೆ. ಎದೆನೋವು, ಏದುಸಿರು ಬಂದರೆ ಹಿಂದೆ ಮಾಡಿದ ಕೆಲಸವನ್ನೂ ಡಾಕ್ಟರಿಗೆ ಹೇಳಿ.

ಕೆಲಸದಿಂದ ಬಂದ ಈ ಕಾಯಿಲೆಗೆ ಕಾನೂನಿನಲ್ಲಿ ಪರಿಹಾರ ಉಂಟು. ಇಎಸ್‌ಐ ಇದ್ದವರು ಅಲ್ಲಿ, ಇಲ್ಲದ ಕಾರ್ಮಿಕರು ಪರಿಹಾರ ಆಯುಕ್ತರ ಮುಂದೆ ಕೇಳಬಹುದು. ಆಸ್ಬೆಸ್ಟಾಸ್ ಕಾರ್ಖಾನೆಗಳು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆದರೆ ದಿನಗೂಲಿಯವರ ದಾಖಲೆ ಯಾರು ಇಡ್ತಾರೆ? ಕೂಲಿ ಚೀಟಿ, ಕಾರ್ಮಿಕ ಕಾರ್ಡ್ ಅವರೇ ಜೋಪಾನ ಮಾಡಬೇಕು. ಶೀಟು ಬದಲಿಸುವ ಅಂಗಡಿಯವರು ನೀರು ಚಿಮುಕಿಸಿ, ಒಡೆಯದೆ ಇಳಿಸಿ. ಬಾಯಿಗೆ ಟವೆಲ್ ಕಟ್ಟಿದರೆ ಸಾಲಲ್ಲ.